ಮಾವನ ಪಾಲಿನ ಜೋಳ

ಸಿಂಧನೂರಿನಲ್ಲಿ ಅಕ್ಕಿಗೆ ಬರವಿಲ್ಲ. ಕಾಲುವೆಯ ಊರು, ಎತ್ತ ನೋಡಿದರೂ ಭತ್ತ, ಎತ್ತ ತಿರುಗಿದರೂ ಅಕ್ಕಿ ಮಿಲ್ಲು. ಜೋಳ ಬೇಕೆಂದವರು ಮಾತ್ರ ದುಡ್ಡು ಎಣಿಸಬೇಕು. ನಮ್ಮಜ್ಜಿಯ ಕಾಲದಲ್ಲಿ ಬಡವರು ದಿನಾ ರೊಟ್ಟಿ ತಿಂದು ಹಬ್ಬಕ್ಕೊಮ್ಮೆ ಅನ್ನ ಉಣ್ಣುತ್ತಿದ್ದರಂತೆ. ಈಗ ಅದು ತಿರುವುಮುರುವಾಗಿದೆ. ಬಡವರ ಮನೆಯಲ್ಲಿ ಮೂರು ಹೊತ್ತೂ ಅನ್ನ; ರೊಟ್ಟಿ ತಿನ್ನುವವರು ಕಾರಿನಲ್ಲಿ ಬಂದು ಖಾನಾವಳಿಯ ಮುಂದೆ ಇಳಿಯುತ್ತಾರೆ. ಇದಕ್ಕೆ ಯಾರನ್ನು ಬೈಯಬೇಕೋ ಗೊತ್ತಾಗದೆ ನಾನು ಎಲ್ಲರನ್ನೂ ಬೈಯುತ್ತೇನೆ.

ನಮ್ಮ ಮನೆಯಲ್ಲಿ ಹನ್ನೊಂದು ಮಂದಿ. ಮಾವ ಅಂಬಪ್ಪ, ಅತ್ತೆ ಗದ್ದೆಮ್ಮ, ನಾನು, ನನ್ನ ಗಂಡ ರಾಜೇಶ, ನಮ್ಮ ಮೂರು ಮಕ್ಕಳು, ತೀರಿಹೋದ ಭಾವನ ಹೆಂಡತಿ, ಆಕೆಯ ಮೂರು ಮಕ್ಕಳು. ರಾಜೇಶ ಒಂದು ಆಫೀಸಿನಲ್ಲಿ ಹೊರಗುತ್ತಿಗೆಯ ಡ್ರೈವರ್. ಅಳಿಯನಿಗೆ ನೌಕರಿ ಇದೆ ಎಂದು ನನ್ನ ತವರಿನವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ, ಪಗಾರ ಎಷ್ಟೆಂದು ಒಬ್ಬರೂ ಕೇಳಿಲ್ಲ. ಅಕ್ಕ, ಅಂದರೆ ಭಾವನ ಹೆಂಡತಿ, ನಾಟಿಯ ದಿನಗಳಲ್ಲಿ ಮುಕ್ಕುಂದದ ಕಡೆ ಕೂಲಿಗೆ ಹೋಗುತ್ತಾಳೆ. ಬಾಡಿಗೆ, ಗ್ಯಾಸು, ಗುಳಿಗೆ ಎಲ್ಲ ಕಳೆದು ಸಂತೆಗೆಂದು ನನ್ನ ಕೈಗೆ ಬರುವುದು ಐದು ಸಾವಿರ. ರೇಷನ್ ಅಕ್ಕಿ ಬಿಟ್ಟು ಉಳಿದದ್ದೆಲ್ಲ ಅದರಲ್ಲೇ ಆಗಬೇಕು. ಪಿಯುಸಿಯಲ್ಲಿ ನಾನು ಲೆಕ್ಕದಲ್ಲಿ ಫೇಲಾದವಳು. ಅವತ್ತು ಪೇಪರ್ ತಿದ್ದಿದ ಮಹಾಶಯರು ಒಂದು ತಿಂಗಳು ನಮ್ಮ ಮನೆಯ ಸಂತೆ ಮಾಡಿ ತೋರಿಸಲಿ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ನಾನು ಮಸ್ಕಿ ಸಂತೆಗೆ ಹೋಗುತ್ತೇನೆ. ಆಧಾರ್ ಕಾರ್ಡು ತೋರಿಸಿ, ಎರಡು ಖಾಲಿ ಚೀಲ ಬಗಲಲ್ಲಿ ಇಟ್ಟುಕೊಂಡು, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ನಿಂತು. ಸಂತೆಕಲ್ಲೂರು ಕಡೆಯ ಒಣಭೂಮಿಯ ಜೋಳ, ತೊಗರಿ ಅಲ್ಲಿಗೆ ಬರುತ್ತವೆ, ಕಿಲೋಗೆ ನಾಲ್ಕೈದು ರೂಪಾಯಿ ಕಡಿಮೆ. ಸಂತೆ ಮುರಿಯುವ ಹೊತ್ತಿಗೆ ಸರಿಯಾಗಿ ಕಾಯಿಪಲ್ಲೆಯವರ ಮುಂದೆ ನಿಲ್ಲುತ್ತೇನೆ. ಆಗ ಮೆತ್ತಗಾದ ಟೊಮೆಟೊ, ಬಾಡಿದ ಸೊಪ್ಪು, ಮೂಗು ಒಡೆದ ಬದನೆಕಾಯಿ ನನ್ನ ರೇಟಿಗೆ ಇಳಿಯುತ್ತವೆ.

ಜೋಳ ಬರುವುದು ಮಾವನಿಗೊಬ್ಬರಿಗೇ. ಮೂವತ್ತು ವರ್ಷ ಅವರು ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡಿದವರು. ದಿನಾ ನೂರಾರು ಚೀಲ ಅಕ್ಕಿ ಹೊತ್ತು ಸಂಜೆ ಮನೆಗೆ ಬಂದು ರೊಟ್ಟಿ ತಿನ್ನುತ್ತಿದ್ದರಂತೆ. ಐದು ವರ್ಷದ ಹಿಂದೆ ಶುಗರ್ ಬಂತು. ಅನ್ನ ಬಿಡಿ, ಎರಡು ಹೊತ್ತೂ ಜೋಳದ ರೊಟ್ಟಿ ತಿನ್ನಿ ಎಂದರು ಡಾಕ್ಟರು. ಹೇಳುವುದು ಎಷ್ಟು ಸಲೀಸು! ಚೀಟಿಯಲ್ಲಿ ಬರೆದರೆ ಜೋಳ ಮನೆಗೆ ನಡೆದು ಬರುತ್ತದೆಯೇ? ತಿಂಗಳಿಗೆ ಹನ್ನೆರಡು ಕಿಲೋ, ಏಳುನೂರು ರೂಪಾಯಿಯ ಮೇಲೆ. ಆರು ಮಕ್ಕಳು ರೊಟ್ಟಿಯ ತಟ್ಟೆಯನ್ನೇ ನೋಡುತ್ತಾ ಕೂರಬಾರದೆಂದು ಅತ್ತೆ ಮಾವನನ್ನು ಮೊದಲೇ ಉಣ್ಣಲು ಕೂರಿಸುತ್ತಿದ್ದರು.

ಜೂನ್ ತಿಂಗಳಲ್ಲಿ ಶಾಲೆ ಸುರುವಾಯಿತು. ಆರು ಮಕ್ಕಳ ನೋಟ್‌ಬುಕ್ಕು, ಪಟ್ಟಿ, ಪೆನ್ನು. ಆ ಸಲ ಜೋಳ ಒಂಬತ್ತೇ ಕಿಲೋ ತಂದೆ. ಅದೂ ಹಳೆಯ ಜೋಳ. ಬೀಸಿಸಲು ರಹಮಾನಸಾಬರ ಗಿರಣಿಗೆ ಒಯ್ದಾಗ ಅವರು ಒಂದು ಹಿಡಿ ಕೈಯಲ್ಲಿ ಉಜ್ಜಿ ನೋಡಿದರು.

"ಹಳೇ ಜ್ವಾಳ ಐತವ್ವಾ, ಇದಕ ಜಿಗಿ ಇಲ್ಲ. ರೊಟ್ಟಿ ಬಡಿಯಾಕ ಹೋದ್ರ ಹರೀತಾವ. ಒಂದ್ ಹಿಡಿ ಅಕ್ಕಿ ಕೂಡಿಸು, ಮೆತ್ತಗ ಬರ್ತಾವ."

ಇದು ಎಲ್ಲರೂ ಮಾಡುವುದೇ. ಹಿಟ್ಟು ಅಂಟಿ ಬರಲೆಂದು ಹಳೆಯ ಜೋಳಕ್ಕೆ ಹಿಡಿ ಅಕ್ಕಿ ಹಾಕಿ ಬೀಸಿಸುವುದು ನಮ್ಮ ಕಡೆಯ ಹೆಂಗಸರಿಗೆ ಹೊಸದಲ್ಲ. ಆದರೆ ನಾನು ಮನೆಗೆ ಹೋಗಿ ಹಿಡಿ ತರಲಿಲ್ಲ, ಮೂರು ಕಿಲೋ ತಂದೆ. ರಹಮಾನಸಾಬರು ಏನೂ ಕೇಳಲಿಲ್ಲ. ಒಂಬತ್ತು ಹನ್ನೆರಡಾಯಿತು. ಒಂದೇ ತಿಂಗಳು ಎಂದು ನನಗೆ ನಾನೇ ಹೇಳಿಕೊಂಡೆ.

ರೊಟ್ಟಿ ನಿಜಕ್ಕೂ ಚೆನ್ನಾಗಿ ಬಂದವು. ಎರಡನೆಯ ತಿಂಗಳೂ ಹಾಗೇ ಮಾಡಿದೆ. ಮೂರನೆಯ ತಿಂಗಳು ಎಣ್ಣೆ ರೇಟು ಏರಿತು, ಜೋಳ ಎಂಟಕ್ಕಿಳಿಯಿತು, ಅಕ್ಕಿ ನಾಲ್ಕಾಯಿತು. ಸಣ್ಣ ಕಳ್ಳತನವನ್ನು ಒಮ್ಮೆ ಮಾಡುವುದು ಕಷ್ಟ. ಆಮೇಲೆ ಅದು ಮನೆಗೆಲಸದಂತೆ ತಾನಾಗಿಯೇ ನಡೆಯುತ್ತದೆ. ಕದ್ದದ್ದಾದರೂ ಏನು? ನನಗೊಂದು ಸೀರೆ ತಂದೆನೆ? ಬೇಳೆಗೆ ಹೋಯಿತು, ಸಾಬೂನಿಗೆ ಹೋಯಿತು, ಮಕ್ಕಳ ಚಪ್ಪಲಿಗೆ ಹೋಯಿತು. ಈ ಸಮಾಧಾನವನ್ನು ನಾನು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ.

ದಸರೆಯ ಮುಂಚೆ ಮಾವನ ಕಾಲಿನ ಹೆಬ್ಬೆರಳಿಗೆ ಕಲ್ಲು ತಾಗಿತು. ಅರಿಶಿನ ಹಚ್ಚಿದರೆ ವಾರದಲ್ಲಿ ಮಾಯುವ ಗಾಯ. ಮೂರು ವಾರವಾದರೂ ಮಾಯಲಿಲ್ಲ, ಕೀವು ಕಟ್ಟಿತು. ಅತ್ತೆ ಮತ್ತು ನಾನು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಶುಗರ್ ಮುನ್ನೂರ ನಲವತ್ತಿತ್ತು. ಡಾಕ್ಟರು ತಲೆ ಎತ್ತಿ ಕೇಳಿದರು.

"ಏನ್ ತಿಂತಾನ ಇವ? ಅನ್ನ ತಿಂತಾನೇನು?"

ಅತ್ತೆಗೆ ಸಿಟ್ಟು ಬಂತು. "ಅನ್ನ ಮುಟ್ಟಂಗಿಲ್ರಿ ಸಾಹೇಬ್ರ. ಐದು ವರ್ಷ ಆತು, ಎರಡೂ ಹೊತ್ತು ಬರೇ ಜ್ವಾಳದ ರೊಟ್ಟಿ. ನಾವು ಹನ್ನೊಂದು ಮಂದ್ಯಾಗ ಇವ್ರಿಗೊಬ್ರಿಗೆ ಜ್ವಾಳ ತರ್ತೀವ್ರಿ. ಬೇಕಾದ್ರ ನಮ್ಮ ಸೊಸೀನ್ನ ಕೇಳ್ರಿ, ಸಂತಿ ಮಾಡಾಕಿ ಆಕೀನ."

ಡಾಕ್ಟರು ನನ್ನ ಕಡೆ ನೋಡಿದರು. ಆ ಹೊತ್ತಿನಲ್ಲಿ ನಾನು ಬಾಯಿ ಬಿಡಬೇಕಿತ್ತು. ಅತ್ತೆಯ ಮುಖದಲ್ಲಿ ಅಷ್ಟು ಹೆಮ್ಮೆಯಿತ್ತು. ನಾನು ಹೌದೆಂದು ತಲೆಯಾಡಿಸಿದೆ.

"ಹಂಗಾದ್ರ ಗುಳಿಗಿ ಹಿಡೀವಲ್ದು," ಎಂದು ಡಾಕ್ಟರು ಇನ್ಸುಲಿನ್ ಬರೆದರು. "ಶುಗರ್ ಇಳೀಲಿಲ್ಲಂದ್ರ ಬೆರಳು ತೆಗೀಬೇಕಾಗ್ತದ ನೋಡ್ರಿ."

ಇನ್ಸುಲಿನ್, ಸೂಜಿ, ಡ್ರೆಸ್ಸಿಂಗ್ ಎಲ್ಲ ಸೇರಿ ತಿಂಗಳಿಗೆ ಸಾವಿರದ ಮೇಲಾಯಿತು. ಆ ಸಾವಿರ ಎಲ್ಲಿಂದ ಬರಬೇಕು? ರಾಜೇಶ ಮುಂದಿನ ತಿಂಗಳು ನನ್ನ ಕೈಗೆ ನಾಲ್ಕೇ ಸಾವಿರ ಕೊಟ್ಟು, "ಹ್ಯಾಂಗರ ಮಾಡಿ ತೂಗಿಸಲೇ ಸುರೇಖಾ, ನೀ ಶಾಣ್ಯಾಕಿ ಇದ್ದಿ," ಅಂದ. ಶಾಣ್ಯಾಕಿ ಅಂದದ್ದಕ್ಕೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

ಆ ತಿಂಗಳು ಮಸ್ಕಿಗೆ ಹೋಗುವಾಗ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಹನ್ನೆರಡು ಕಿಲೋ ಹೊಸ ಜೋಳ, ಒಂದು ಕಾಳೂ ಅಕ್ಕಿ ಬೇಡ. ಬಸವಲಿಂಗನ ಕಿರಾಣಿ ಅಂಗಡಿಯಲ್ಲಿ ಮೊದಲು ಅದನ್ನೇ ತೂಗಿಸಿದೆ. ಬಿಳಿ ಜೋಳ, ಕೈಯಲ್ಲಿ ಹಿಡಿದರೆ ಜಾರುತ್ತಿತ್ತು. ಆಮೇಲೆ ಎಣ್ಣೆ ನಾಲ್ಕು ಪಾಕೀಟು ಹೇಳಿದೆ. ತೊಗರಿ ಬೇಳೆ ಮೂರು ಕಿಲೋ, ಸಕ್ಕರೆ, ಚಹಾಪುಡಿ, ಉಪ್ಪು, ಹುಣಸೆ, ಬಟ್ಟೆ ಸಾಬೂನು. ಬಸವಲಿಂಗ ಕೂಡಿಸಿ ಹೇಳಿದ ಮೊತ್ತ ಕೇಳಿ ಬೇಳೆಯನ್ನು ಎರಡು ಕಿಲೋ ಮಾಡಿಸಿದೆ. ಸಾಲದು. ಚಹಾಪುಡಿ ಅರ್ಧ ಮಾಡಿಸಿದೆ, ಎಣ್ಣೆ ಮೂರಕ್ಕಿಳಿಸಿದೆ. ಸಾಲದು. ಇನ್ನೂ ಕಾಯಿಪಲ್ಲೆ ಆಗಬೇಕು, ಮೆಣಸಿನಕಾಯಿ ಆಗಬೇಕು.

"ಜ್ವಾಳ ಎರಡು ಕಿಲೋ ತೆಗೀರಿ," ಅಂದೆ.

ತೆಗೆದ.

"ಇನ್ನೆರಡು ತೆಗೀರಿ."

ತೆಗೆದ. ನಾನು ಬೆರಳು ಮಡಚಿ ಮತ್ತೆ ಲೆಕ್ಕ ಹಾಕಿದೆ.

"ಇನ್ನೆರಡು."

"ಏನ್ರೀ ಅಕ್ಕೋರ," ಬಸವಲಿಂಗ ನಕ್ಕ, "ಚೀಲ ತುಂಬಾಕ ಬಂದೀರೋ, ಖಾಲಿ ಮಾಡಾಕ ಬಂದೀರೋ?"

ಹಿಂದೆ ನಿಂತಿದ್ದ ಇಬ್ಬರು ಹೆಂಗಸರೂ ನಕ್ಕರು. ನಾನೂ ನಕ್ಕೆ. ಆರು ಕಿಲೋ ಜೋಳ ಹಿಡಿದುಕೊಂಡು ಸಿಂಧನೂರಿಗೆ ಬಂದು ಆರು ಕಿಲೋ ಅಕ್ಕಿ ಕೂಡಿಸಿ ಬೀಸಿಸಿದೆ. ಔಷಧ ಕೊಳ್ಳಲು ಜೋಳ ಕಡಿಮೆಯಾಯಿತು, ಜೋಳ ಕಡಿಮೆಯಾದದ್ದಕ್ಕೆ ಅಕ್ಕಿ ಹೆಚ್ಚಾಯಿತು. ಇದನ್ನು ಯಾರಿಗೆ ಹೋಗಿ ಹೇಳಲಿ? ಇನ್ಸುಲಿನ್ ಅಳತೆಯನ್ನು ಡಾಕ್ಟರು ರೊಟ್ಟಿ ತಿನ್ನುವವನಿಗೆಂದು ಬರೆದಿದ್ದರು.

ದೀಪಾವಳಿ ಕಳೆದು ಹತ್ತು ದಿನಕ್ಕೆ ಹೆಬ್ಬೆರಳನ್ನು ತೆಗೆದರು.

ಅಕ್ಕಿಯಿಂದಲೇ ಹೋಯಿತೆಂದು ನಾನು ಹೇಳಲಾರೆ. ಶುದ್ಧ ಜೋಳ ತಿಂದವರ ಕಾಲೂ ಹೋಗಿವೆ ಎಂದು ಡ್ರೆಸ್ಸಿಂಗ್ ಮಾಡುವ ನರ್ಸಮ್ಮ ಅಂದಳು. ಆದರೆ ಡಾಕ್ಟರು ಕೇಳಿದ ದಿನ ನಾನು ಸುಳ್ಳಿಗೆ ತಲೆಯಾಡಿಸಿದ್ದಂತೂ ನಿಜ.

ಮಾವ ಮನೆಗೆ ಬಂದ ಮೇಲೆ ನೋಡಲು ಬಂದವರಲ್ಲಿ ರಹಮಾನಸಾಬರೂ ಒಬ್ಬರು. ಅರ್ಧ ಡಜನ್ ಮೋಸಂಬಿ ತಂದಿದ್ದರು. ಅತ್ತೆ ಎಂದಿನ ಪಾಠ ಒಪ್ಪಿಸಿದರು: ಐದು ವರ್ಷ ಅನ್ನ ಮುಟ್ಟಲಿಲ್ಲ, ಬರೀ ರೊಟ್ಟಿ ತಿಂದರೂ ಹೀಗಾಯಿತು. ಪಾಪ, ಗಿರಣಿಯ ಆ ಮುದುಕನಿಗೆ ಏನು ಗೊತ್ತು.

"ಬರೇ ಜ್ವಾಳಂತ ಎಲ್ಲೈತಿ ಗದ್ದೆಮ್ಮ," ಅಂದರು. "ಸುರೇಖವ್ವ ಸಮಾಸಮ ಅಕ್ಕಿ ಕೂಡಿಸಿ ಬೀಸಿಗೊಂಡು ಹೋಗ್ತಾಳಲ್ಲ."

ಅತ್ತೆಯ ಕೈಯಲ್ಲಿದ್ದ ಚಹಾದ ಬಟ್ಟಲು ಅಲ್ಲೇ ನಿಂತಿತು. ರಾಜೇಶ ನನ್ನ ಕಡೆ ತಿರುಗಿದ.

"ನಾನ ಹಾಕಂತ ಹೇಳೀನಿ," ಮಾವ ಮಲಗಿದ್ದಲ್ಲಿಂದಲೇ ಅಂದರು. "ಹಲ್ಲು ಎಲ್ಲಿ ಅದಾವ ನನಗ? ಗಟ್ಟಿ ರೊಟ್ಟಿ ಜಗಿಯಾಕ ಆಗಂಗಿಲ್ಲ, ಮೆತ್ತಗ ಮಾಡವಾ ಅಂತ ನಾನ ಬಡಕೊಂಡೆ. ಆಕೀ ಒಲ್ಲೆ ಅಂತಿದ್ಲು."

ಅತ್ತೆ ಎದ್ದು ನಿಂತು ಮಾವನನ್ನು ಬಾಯಿಗೆ ಬಂದಂತೆ ಬೈದರು. ಮೆತ್ತನ ರೊಟ್ಟಿ ಆಸೆಗೆ ಬೆರಳು ಕಳಕೊಂಡಿಯಲ್ಲೋ, ನಿನಗ ಬುದ್ಧಿ ಐತೇನೋ, ಎಂದು ಅತ್ತರು. ಮಾವ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ನಾನು ಅಲ್ಲೇ ನಿಂತಿದ್ದೆ. ಬೈಗುಳ ನನ್ನದು, ಅದನ್ನೂ ಅವರೇ ಹೊತ್ತುಕೊಂಡರು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅವರ ಹತ್ತಿರ ಕೂತೆ. "ನಿಮಗ ಗೊತ್ತಿತ್ತೇನ್ರಿ ಮಾವ?"

"ಮೂವತ್ತು ವರ್ಷ ಅಕ್ಕಿ ಹೊತ್ತಾನಿಗೆ ತುತ್ತು ಬಾಯಾಗ ಇಟ್ರ ಗೊತ್ತಾಗಂಗಿಲ್ಲೇನವ್ವ?"

"ಹಂಗಾದ್ರ ಯಾಕ ಹೇಳಲಿಲ್ಲ? ನನ್ನ ಬೈಬೇಕಿತ್ತಲ್ಲ!"

"ಬೈದ್ರ ಏನ್ ಮಾಡ್ತಿದ್ದಿ? ಹುಡುಗ್ರ ಬಾಯಾಗಿಂದು ತೆಗೆದು ನನಗ ಹಾಕ್ತಿದ್ದಿ." ಗೋಡೆಯ ಕಡೆ ಹೊರಳಿ, "ಇನ್ನ ಮ್ಯಾಲ ಜ್ವಾಳ ತರಬ್ಯಾಡ. ಹೋಗೋದು ಹೋತು. ನನಗೂ ಅನ್ನನ ಹಾಕು," ಅಂದರು.

ನಾನು ಅಳುತ್ತಾ ಬೇಡವೆಂದು ಅವರ ಕೈ ಹಿಡಿದೆ, ಕಿವಿಯ ಓಲೆ ಮಾರಿಯಾದರೂ ಜೋಳ ತರುತ್ತೇನೆ ಎಂದೆ. ಓಲೆ ಬೆಳ್ಳಿಯದೂ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅತ್ತೆಯ ಹತ್ತಿರವೂ ಅವರು ಅದೇ ಹಲ್ಲಿನ ಕಥೆ ಹೇಳಿ, ರೊಟ್ಟಿಯ ತಟ್ಟೆಯನ್ನು ಮೂರು ದಿನ ಹಾಗೇ ಸರಿಸಿದರು. ನಾಲ್ಕನೆಯ ದಿನ ಅತ್ತೆಯೇ ಅನ್ನ ಬಡಿಸಿದರು.

ಮುಂದಿನ ತಿಂಗಳು ಬಸವಲಿಂಗ ಕೇಳುವ ಮೊದಲೇ ಜೋಳ ಬೇಡವೆಂದೆ. ಎಣ್ಣೆ ನಾಲ್ಕು ಪಾಕೀಟು ಬಂತು, ಬೇಳೆ ಮೂರು ಕಿಲೋ ಬಂತು. ಕೊನೆಗೆ ನೂರರ ಒಂದು ನೋಟು ಉಳಿಯಿತು. ಬಸ್ಸಿನಲ್ಲಿ ಸೀಟೂ ಸಿಕ್ಕಿತು. ಕಿಟಕಿಯ ಪಕ್ಕ ಕೂತಾಗ ನನಗೆ ಹಾಯೆನಿಸಿತು. ಎಷ್ಟೋ ತಿಂಗಳಾದ ಮೇಲೆ ಮೊದಲ ಸಲ ಎದೆ ಹಗುರಾಯಿತು. ಯಾಕೆ ಹಗುರಾಯಿತೆಂದು ಗೊತ್ತಾದ ಕೂಡಲೇ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ನನ್ನಂಥ ಪಾಪಿ ಇನ್ನೊಬ್ಬಳಿರಲಾರಳು.

ಈಗ ಮಾವ ಮಕ್ಕಳ ಸಾಲಿನಲ್ಲೇ ಕೂತು ಅನ್ನ ಉಣ್ಣುತ್ತಾರೆ. ಈಚೆಗೊಂದು ದಿನ ನಾನು ಸಾರು ಹಾಕಲು ಬಗ್ಗಿದಾಗ ಅವರು ಲುಂಗಿಯನ್ನು ಪಾದದ ಮೇಲೆ ಎಳೆದುಕೊಂಡರು. ನಾನು ಅಷ್ಟರಲ್ಲಿ ನೋಡಿಬಿಟ್ಟಿದ್ದೆ. ಹೆಬ್ಬೆರಳಿದ್ದ ಜಾಗದ ಪಕ್ಕದ ಬೆರಳು ಕಪ್ಪಗಾಗಿತ್ತು.

"ಸಂತೀ ದುಡ್ಡು ಮುಗದೈತಿ, ಯಾರಿಗೂ ಹೇಳಬ್ಯಾಡವ್ವ, ಬರೋ ತಿಂಗಳು ನೋಡೂಣು," ಎಂದು ಮೆಲ್ಲಗೆ ಅಂದರು.

ಅತ್ತೆಗೆ ಹೇಳಬೇಕು, ರಾಜೇಶನಿಗೆ ಹೇಳಬೇಕು. ಇವತ್ತು ಹೇಳುತ್ತೇನೆ ಎಂದು ಬೆಳಿಗ್ಗೆ ಏಳುವಾಗಲೇ ಅಂದುಕೊಳ್ಳುತ್ತೇನೆ. ಆಮೇಲೆ ಒಲೆ ಹಚ್ಚಿ ಹನ್ನೊಂದು ಮಂದಿಗೆ ಅಕ್ಕಿ ತೊಳೆಯುತ್ತೇನೆ. ಇವತ್ತಿಗೆ ನಾಲ್ಕು ದಿನವಾಯಿತು.