ಸೋಪು ಹಾಕಿ ತೊಳೆದ ಜಾಡಿ

ಮಂಡಿಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಇಪ್ಪತ್ತಮೂರು ದಿನಗಳ ಮೇಲೆ ಮನೆಗೆ ಬಂದ ಕಿನುಯೊ, ಗಂಡ ಕೊಟ್ಟ ತಣ್ಣನೆಯ ಬಾರ್ಲಿ ಚಹಾವನ್ನೂ ಮುಟ್ಟದೆ ಕೋಲೂರಿಕೊಂಡು ಸೀದಾ ಅಡುಗೆಮನೆಗೆ ಹೋದಳು. ಮೂಲೆಯ ಸ್ಟೂಲಿನ ಮೇಲಿದ್ದ ಜಾಡಿಯ ಮುಚ್ಚಳ ತೆಗೆದು, ಅಂಗಿಯ ತೋಳು ಮಡಚಿ, ತರಕಾರಿ ಹುಳಿ ಬರಲೆಂದು ಹೂತಿಡುವ ಉಪ್ಪು ತೌಡಿನೊಳಗೆ ಕೈ ಇಳಿಸಿದಳು. ಇಳಿಸಿದ ಕೈ ಅರ್ಧದಲ್ಲೇ ನಿಂತಿತು.

"ರೀ, ಮೊಳೆ ಎಲ್ಲಿ?"

"ಯಾವ ಮೊಳೆ?" ಬಾಗಿಲಲ್ಲಿ ನಿಂತ ತೋಕುಜಿ ಕೇಳಿದ.

"ಬದನೆಕಾಯಿ ಬಣ್ಣ ಕೆಡಬಾರದು ಅಂತ ಅಮ್ಮ ಹಾಕಿಟ್ಟಿದ್ದ ಕಬ್ಬಿಣದ ಮೊಳೆ."

"ಓ, ಅದಾ? ಪೂರ್ತಿ ತುಕ್ಕು ಹಿಡಿದಿತ್ತು ಕಣೆ. ಬಿಸಾಕಿದೆ."

ಮೊಳೆ ಇದ್ದದ್ದು ಜಾಡಿಯ ತಳದಲ್ಲಿ. ತಳದ ಮೊಳೆ ಇವನ ಕಣ್ಣಿಗೆ ಬಿದ್ದಿದೆ ಎಂದರೆ ಮೇಲಿನದೆಲ್ಲ ಎಲ್ಲಿಗೆ ಹೋಯಿತು? ಕಿನುಯೊ ಒಂದು ಚಿಟಿಕೆ ತೌಡನ್ನು ನಾಲಿಗೆಗೆ ಹಚ್ಚಿಕೊಂಡಳು. ಬರೀ ಉಪ್ಪು. ಹುಳಿಯಿಲ್ಲ, ಜೀವವಿಲ್ಲ.

"ನಿಜ ಹೇಳಿ."

ತೋಕುಜಿ ಹೇಳಿದ. ಸುಳ್ಳು ಹೇಳುವಷ್ಟು ಚಾಲಾಕಿಯೂ ಅವನಿಗಿರಲಿಲ್ಲ. "ಮೊದಲ ನಾಲ್ಕು ದಿನ ಕಲಸಿದೆ, ಅನ್ನದ ಸೌಟಲ್ಲಿ. ಕೈ ಹಾಕಿದ್ರೆ ವಾಸನೆ ಹೋಗಲ್ವಲ್ಲ, ಗೋ ಮಣೆಯಾಟ ಆಡೋ ಕ್ಲಬ್ಬಲ್ಲಿ ಎಲ್ಲರೂ ಮೂಗು ಮುಚ್ಚಿಕೊಳ್ತಾರೆ. ಆಮೇಲೆ ಪ್ಲಾಸ್ಟಿಕ್ ಸುತ್ತಿ ಮುಚ್ಚಿಟ್ಟೆ. ಮೇಲೆಲ್ಲ ಕಪ್ಪು ಬೂಷ್ಟು ಬಂತು. ಗುರುವಾರ ಕಸದ ಗಾಡಿಗೆ ಹಾಕಿದೆ. ಆದ್ರೆ ಜಾಡಿ ನೋಡು, ಮೂರು ಸಲ ಸೋಪು ಹಾಕಿ ತೊಳೆದಿದ್ದೀನಿ! ಸೂಪರ್‌ಮಾರ್ಕೆಟ್ಟಲ್ಲಿ ರೆಡಿ ತೌಡು ಸಿಗುತ್ತೆ ಕಣೆ, ಪ್ಯಾಕೆಟ್ ಒಡೆದು ಸುರಿದ್ರೆ ಆಯ್ತು."

"ಮೇಲಿನ ಬೂಷ್ಟು ಕೆರೆದು ತೆಗೆದಿದ್ರೆ ಕೆಳಗಿಂದು ಬದುಕಿರ್ತಿತ್ತು! ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ? ಬೆರಳು ಬಿದ್ದುಹೋಗಿತ್ತಾ?"

"ತೌಡು ತಾನೆ..." ಎಂದ ತೋಕುಜಿ, ಹೆಂಡತಿಯ ಮುಖ ನೋಡಿ ಮಿಕ್ಕಿದ್ದನ್ನು ನುಂಗಿಕೊಂಡ.

ನಲವತ್ತೊಂದು ವರ್ಷ ಬೆಳಗಿನ ಬಿಸಿ ಅನ್ನ, ಮಿಸೊ ಸಾರಿನ ಪಕ್ಕದಲ್ಲಿ ಆ ಜಾಡಿಯ ಸೌತೆಕಾಯಿಯನ್ನು ಕರುಂ ಕುರುಂ ಎಂದು ಕಡಿದ ಬಾಯಿ ಇದು. ಹೋಳು ಕಡಿಮೆ ಬಿದ್ದರೆ ಬಟ್ಟಲು ತಳ್ಳುತ್ತಿದ್ದ ಬಾಯಿ. ಅಮ್ಮ, ಅಮ್ಮನ ಅಮ್ಮ, ದಿನಕ್ಕೆರಡು ಸಲ ಬರಿಗೈಯಲ್ಲಿ ಬುಡಮೇಲು ಮಾಡಿ ಯುದ್ಧದ ಕಾಲದಲ್ಲೂ ಉಳಿಸಿಕೊಂಡಿದ್ದ ತೌಡನ್ನು ಈ ಮಹಾನುಭಾವ ಗುರುವಾರದ ಕಸಕ್ಕೆ ಹಾಕಿದ್ದ. ಕಿನುಯೊಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಅಮ್ಮನ ತೌಡು ಇನ್ನು ಲೋಕದಲ್ಲಿ ಉಳಿದಿದ್ದದ್ದು ಒಂದೇ ಕಡೆ, ತಂಗಿ ಮಿಸಾವೊ ಬಳಿ. ಕೊಕುರಾದ ನದಿ ಪಕ್ಕದ ಮಾರುಕಟ್ಟೆಯಲ್ಲಿ ಮಿಸಾವೊ ತೌಡಿನಲ್ಲಿ ಬೇಯಿಸಿದ ಮೀನು ಮಾರುತ್ತಾಳೆ. ಅಂಗಡಿ ತೆರೆದ ವಾರವೇ ಗಿರಾಕಿಗಳ ಎದುರು ಕಿನುಯೊ, "ಅಮ್ಮನ್ನೇ ತೂಕ ಹಾಕಿ ಮಾರ್ತಿದ್ದೀಯಲ್ಲ, ನಾಚಿಕೆ ಇಲ್ವಾ?" ಎಂದು ಕೂಗಾಡಿ ಬಂದಿದ್ದಳು. ಹನ್ನೊಂದು ವರ್ಷವಾಯಿತು, ಮಾತಿಲ್ಲ, ಕತೆಯಿಲ್ಲ.

ಮರುದಿನ ಬೆಳಗ್ಗೆ ಕಿನುಯೊ ಖಾಲಿ ಡಬ್ಬಿ ಹಿಡಿದು ಹೊರಟಳು. ಮಾರುಕಟ್ಟೆಯ ಓಣಿಯಲ್ಲಿ ಮಿರಮಿರ ಮಿನುಗುವ ಬದನೆಕಾಯಿ, ಮುಳ್ಳು ಮುಳ್ಳಿನ ಎಳೆ ಸೌತೆಕಾಯಿ ರಾಶಿ ಬಿದ್ದಿದ್ದವು. ಎರಡನ್ನೂ ಆರಿಸಿ ಕೊಂಡಳು. ಕೊಳ್ಳುವಾಗಲೂ ಹಾಳಾದ ಆ ಪ್ಯಾಕೆಟ್ ತೌಡು ನೆನಪಾಗಿ ಹಲ್ಲು ಕಡಿದಳು.

"ಏನಕ್ಕ, ದಾರಿ ತಪ್ಪಿತಾ?" ಕಡಾಯಿಯ ಹಿಂದಿನಿಂದ ಮಿಸಾವೊ ಕೇಳಿದಳು.

"ತೌಡು ಬೇಕು."

"ಬಂಗುಡೆ ಇದೆ, ಬೂತಾಯಿ ಮೀನಿದೆ. ತೌಡು ಮಾರೋದಿಲ್ಲ."

"ಕೊಳ್ಳೋಕೆ ಬಂದಿಲ್ಲ ನಾನು. ನನ್ನ ಜಾಡಿ ಸತ್ತುಹೋಯ್ತು ಮಿಸಾವೊ."

ಮಿಸಾವೊ ಕೈಯ ಸೌಟು ನಿಂತಿತು. "ಯಾರು ಮಾಡಿದ್ದು?"

"ನಿಮ್ಮ ಭಾವ. ತೌಡು ಕಸಕ್ಕೆ ಹಾಕಿ, ಜಾಡಿಗೆ ಸೋಪು ಹಾಕಿ ತೊಳೆದ್ರು."

"ಸೋಪಾ!" ಇಡೀ ಓಣಿ ತಿರುಗಿ ನೋಡುವಂತೆ ಮಿಸಾವೊ ಕಿರುಚಿದಳು. "ಅವರ ಕೈ ಸೇದಿಹೋಗ!"

ಬಂಗುಡೆಗಾಗಿ ಕಾದಿದ್ದ ಇಬ್ಬರು ಮುದುಕಿಯರೂ "ಅಯ್ಯಯ್ಯೋ" ಎಂದರು. ಒಂದು ಗಳಿಗೆ ಕಿನುಯೊಗೆ ತನ್ನ ಸಿಟ್ಟನ್ನು ತಂಗಿಯೂ ಹೊತ್ತುಕೊಂಡಳೆನಿಸಿ ಹಗುರವಾಯಿತು. ಅಷ್ಟರಲ್ಲಿ ಮಿಸಾವೊ ಕಡಾಯಿಯಿಂದ ಒಂದು ತುಂಡು ಬಂಗುಡೆ ಎತ್ತಿ ಬಟ್ಟಲಿಗೆ ಹಾಕಿ ಮುಂದೆ ತಳ್ಳಿದಳು.

"ಮೊದಲು ತಿನ್ನು."

ಶುಂಠಿ ಹಾಕಿ, ತೌಡಿನ ಗಟ್ಟಿ ರಸದಲ್ಲಿ ಮೂಳೆಯೂ ಕರಗುವಂತೆ ಬೆಂದ ಮೀನು. ಸಿಹಿ, ಉಪ್ಪು, ಕೊನೆಯಲ್ಲಿ ಅಮ್ಮನ ಜಾಡಿಯ ಅದೇ ಹುಳಿ. ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಕಿನುಯೊಗೆ ಮತ್ತೆ ಸಿಟ್ಟು ಬಂತು.

"ಅವತ್ತು ಜನರ ಮುಂದೆ ಅಂದಿದ್ದೆಯಲ್ಲ? ಇವತ್ತೂ ಜನ ಇದ್ದಾರೆ. ಹೇಗಿದೆ ಹೇಳು."

"ಅಮ್ಮನೂ ಇಷ್ಟು ಚೆನ್ನಾಗಿ ಮಾಡ್ತಿರಲಿಲ್ಲ," ಎಂದಳು ಕಿನುಯೊ.

ಮಿಸಾವೊ ನಗಲಿಲ್ಲ. ಒಳಗೆ ಹೋಗಿ ಅಂಚು ಒಡೆದ ಒಂದು ಚಹಾ ಬಟ್ಟಲು ತಂದಳು. ಕಿನುಯೊ ಅದನ್ನು ನೋಡಿದ ಕೂಡಲೇ ಗುರುತಿಸಿದಳು. ಅಮ್ಮ ತೀರಿಕೊಂಡ ಮೇಲೆ ದೊಡ್ಡವಳೆಂದು ಜಾಡಿಯನ್ನು ತಾನು ಹೊತ್ತು ಹೊರಟಾಗ, ತಂಗಿಗೆ ತೌಡು ಅಳೆದು ಕೊಟ್ಟಿದ್ದು ಇದೇ ಬಟ್ಟಲಲ್ಲಿ. ಮಿಸಾವೊ ಬಟ್ಟಲು ತುಂಬ ತೌಡು ತೆಗೆದು, ಅಂಗೈಯಲ್ಲಿ ಸಮ ಮಾಡಿ, ಹೆಚ್ಚಾದದ್ದನ್ನು ತನ್ನ ಜಾಡಿಗೇ ವಾಪಸ್ಸು ಹಾಕಿ, ಮಿಕ್ಕಿದ್ದನ್ನು ಅಕ್ಕನ ಡಬ್ಬಿಗೆ ಸುರಿದಳು.

"ಆರು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮನ ಬಟ್ಟೆ ಒಗೆದವಳಿಗೆ ನೀನು ಕೊಟ್ಟಿದ್ದು ಇಷ್ಟೇ. ನಾನೂ ಇಷ್ಟೇ ಕೊಡೋದು. ಇದನ್ನ ಜಾಡಿ ತುಂಬ ಬೆಳೆಸೋಕೆ ನನಗೆ ಎರಡು ವರ್ಷ ಹಿಡೀತು. ನಿನಗೂ ಹಿಡೀಲಿ."

ಕಿನುಯೊ ಸೊಂಟ ಬಗ್ಗಿಸಿ ತಂಗಿಗೆ ನಮಸ್ಕರಿಸಿದಳು. ಮಂಡಿ ಚುರುಗುಟ್ಟಿತು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಇಪ್ಪತ್ತಮೂರು ದಿನದಲ್ಲಿ ಸತ್ತ ಜಾಡಿಗಿಂತ ಆ ಒಂದು ಬಟ್ಟಲೇ ಹೆಚ್ಚು ಚುಚ್ಚುತ್ತಿತ್ತು. ತಂಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಹುಡುಕಿದಳು, ಏನೂ ಸಿಗಲಿಲ್ಲ. ಇದ್ದಷ್ಟೂ ತನ್ನ ಮೇಲೆಯೇ ಬಂತು. ಮನೆ ಹತ್ತಿರವಾದಂತೆ ಅದರಲ್ಲಿ ಅರ್ಧ ಮತ್ತೆ ಗಂಡನ ಕಡೆ ತಿರುಗಿತು.

ಹೊಸ ತೌಡಿಗೆ ಉಪ್ಪು, ನೀರು ಬೆರೆಸಿ, ನಡುವೆ ಅಮ್ಮನ ತೌಡನ್ನು ಹೆಪ್ಪು ಹಾಕಿ, ತೋಕುಜಿಯನ್ನು ಕರೆದಳು.

"ಕೈ ಹಾಕಿ."

"ನಾನಾ? ಕ್ಲಬ್ಬಿಗೆ ಹೊತ್ತಾಯ್ತು..."

"ಬರಿಗೈ. ಮೊಣಕೈವರೆಗೆ. ತಳದಿಂದ ಮೇಲಕ್ಕೆ."

ತೋಕುಜಿ ಮುಖ ಕಿವಿಚಿಕೊಂಡು ಕಲಸಿದ. ಮುಗಿಸಿ ನಲ್ಲಿಯ ಕಡೆ ತಿರುಗಿ ತಡಕಾಡಿದ.

"ಸೋಪು ಎಲ್ಲಿ?"

"ಬರೀ ನೀರಲ್ಲಿ ತೊಳ್ಕೊಳ್ಳಿ. ಹಾಗೇ ಕ್ಲಬ್ಬಿಗೆ ಹೋಗಿ, ಮೂಗು ಮುಚ್ಚಿಕೊಳ್ಳೋರು ಮುಚ್ಚಿಕೊಳ್ಳಲಿ. ಸಂಜೆ ಬಂದು ಇನ್ನೊಂದು ಸಲ ಕಲಸಬೇಕು."

"ಹೀಗೆ ಎಷ್ಟು ದಿನ ಮಾರಾಯ್ತಿ?"

"ಎರಡು ವರ್ಷ," ಎಂದಳು ಕಿನುಯೊ. ಸೋಪು ಅವಳ ಏಪ್ರನ್ನಿನ ಜೇಬಿನಲ್ಲಿತ್ತು.