ಎರಡನೇ ಟ್ರಿಪ್ಪು

ನಾನು ಒಂದು ಟಂಟಂ. ಮೂರು ಗಾಲಿ, ಮುಂದೆ ಚಾಲಕನಿಗೊಂದು ಸೀಟು, ಹಿಂದೆ ಎದುರುಬದುರಾಗಿ ಎರಡು ಸೀಟು. ಎಲ್ಲೋ ದೂರದ ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ಅಲ್ಲಿಯ ನೆನಪು ಹೆಚ್ಚಿಲ್ಲ. ಹಸಿ ಬಣ್ಣದ ವಾಸನೆ, ನನ್ನ ಗಾಜನ್ನು ಒರೆಸಿ ಚೀಟಿ ಅಂಟಿಸಿದ ಒಂದು ಹೆಣ್ಣುಮಗಳ ಕೈ, ಅಷ್ಟೆ. ಲಾರಿಯ ಮೇಲೆ ನಿಂತು ಬಾಗಲಕೋಟೆಗೆ ಬಂದೆ. ಕಾಗದಪತ್ರದಲ್ಲಿ ನನಗೆ ಬೇರೆ ಹೆಸರಿದೆ. ಈ ಕಡೆಯ ಜನ ಎಂಜಿನ್ನಿನ ಸದ್ದು ಕೇಳಿ ಇಟ್ಟ ಹೆಸರೇ ನನಗೆ ಉಳಿಯಿತು.

ನನ್ನನ್ನು ಕೊಂಡವನು ಹೊಸ ನವಿಲಾಳದ ಲಾಲಸಾಬ. ಹಳೆಯ ನವಿಲಾಳ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಸರಕಾರ ಗುಡ್ಡದ ಬದಿಗೆ ಕಟ್ಟಿಕೊಟ್ಟ ಊರು ಅದು. ಬಸ್ಸು ದಿನಕ್ಕೆ ಎರಡೇ ಸಲ. ಹೀಗಾಗಿ ನಾನು ಬಂದ ದಿನ ಊರಿಗೆ ಊರೇ ನನ್ನ ಸುತ್ತ ನೆರೆದಿತ್ತು. ಲಾಲಸಾಬ ತೆಳ್ಳಗಿನ, ನಗುಮುಖದ ಮನುಷ್ಯ. ಯಾರು ಕೈಮಾಡಿದರೂ ನಿಲ್ಲಿಸುವವನು. ತನ್ನ ಫೋನಿನ ನಂಬರನ್ನು ನನ್ನ ಹಿಂಬದಿಗೆ ದೊಡ್ಡದಾಗಿ ಬರೆಸಿದ. “ಯಾವಾಗ ಬೇಕಾದ್ರೂ ಹಚ್ಚರಿ. ಎಲ್ಲಿದ್ರೂ ಬರ್ತೀನಿ” ಎಂದು ಊರವರಿಗೆಲ್ಲ ಹೇಳಿದ. ಹೇಳಿದಂತೆ ನಡೆದುಕೊಂಡ. ನಾಲ್ಕು ವರ್ಷಗಳಲ್ಲಿ ಎಷ್ಟು ಬಸುರಿಯರನ್ನು, ಎಷ್ಟು ಜ್ವರದ ಮಕ್ಕಳನ್ನು ನಾವಿಬ್ಬರೂ ಆಸ್ಪತ್ರೆಗೆ ಮುಟ್ಟಿಸಿದೆವೋ ಲೆಕ್ಕವಿಲ್ಲ.

ನಾನು ಮೊದಲು ಕಲಿತ ಮಾತು ಟ್ರಿಪ್ಪು. ಬೆಳಗಾದರೆ ಲಾಲಸಾಬ ಹೆಂಡತಿಗೆ “ಒಂದ್ ಟ್ರಿಪ್ ಹೊಡಕೊಂಡ ಬರ್ತೀನಿ” ಎನ್ನುತ್ತಿದ್ದ. ಹೊಲದವರು “ಉಳ್ಳಾಗಡ್ಡಿ ಇನ್ನಾ ಎರಡ ಟ್ರಿಪ್ ಅದಾವ” ಎನ್ನುತ್ತಿದ್ದರು; ಅವರ ಬಾಯಲ್ಲಿ ಅದು ಹೇರಿನ ಹೆಸರು. ಕರೆಂಟು ಏರುಪೇರಾಗಿ ಬೋರಿನ ಮೋಟರು ನಿಂತರೆ ಅದೂ “ಟ್ರಿಪ್ ಆತು”. ಪೇಟೆಯ ಸಾಲಿಯ ಮಕ್ಕಳು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹಾಡುತ್ತ ಹೋದರೆ ಅದೂ ಟ್ರಿಪ್ಪೇ. ಒಂದೇ ಮಾತನ್ನು ಇವರು ಇಷ್ಟು ಕಡೆ ಹೇಗೆ ಬಳಸುತ್ತಾರೆ ಎಂದು ನನಗೆ ಸೋಜಿಗವಾಗುತ್ತಿತ್ತು.

ದಿನಾ ಮುಂಜಾನೆ ಹದಿನಾರು ಹೆಣ್ಣುಮಕ್ಕಳನ್ನು ಕೂಲಿಗೆ ಒಯ್ಯುವುದು ನಮ್ಮ ಮುಖ್ಯ ಕೆಲಸ. ಎಂಟು ಮಂದಿ ಮೊದಲು, ಎಂಟು ಮಂದಿ ಆಮೇಲೆ. ಅವರನ್ನೆಲ್ಲ ಒಂದುಗೂಡಿಸುವವಳು ರುಕ್ಮವ್ವ. ನಲವತ್ತರ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಯಾವ ಹೊಲಕ್ಕೆ ಎಷ್ಟು ಜನ, ಯಾರ ಕೂಸಿಗೆ ಆರಾಮಿಲ್ಲ, ಯಾರು ತಡವಾಗಿ ಬರುತ್ತಾರೆ, ಎಲ್ಲ ಅವಳಿಗೆ ಗೊತ್ತು. ತಾನು ಮಾತ್ರ ಯಾವಾಗಲೂ ಎರಡನೇ ಟ್ರಿಪ್ಪಿಗೇ ಬರುತ್ತಿದ್ದಳು. “ನಾ ಮುಂದ ಹೋದ್ರ ಹಿಂದಿನವ್ರು ಹಂಗ ಉಳಿತಾರ” ಎನ್ನುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು, ನೀಲಾ. ಒಂಬತ್ತನೆಯ ಇಯತ್ತೆ. ಹೈಸ್ಕೂಲು ಹೊಲದ ದಾರಿಯಲ್ಲೇ ಇದ್ದುದರಿಂದ ಅವಳೂ ನನ್ನಲ್ಲೇ ಬರುತ್ತಿದ್ದಳು. ಒಂದು ದಿನ ಅವಳು ಇಂಗ್ಲಿಷ್ ಪುಸ್ತಕ ಬಿಚ್ಚಿಕೊಂಡು ಶಬ್ದಗಳ ಅರ್ಥ ಬಾಯಿಪಾಠ ಮಾಡುತ್ತಿದ್ದಳು.

“ಟ್ರಿಪ್ ಅಂದ್ರ ಪ್ರವಾಸ. ಇನ್ನೊಂದ ಅರ್ಥ, ಎಡವಿ ಬೀಳೋದು.”

ಎದುರಿಗೆ ಕುಳಿತ ಕಾಶವ್ವ ಎಂಬ ಮುದುಕಿ ನಕ್ಕಳು. “ಎಡವಿ ಬೀಳೋದು ನಮಗ ದಿನಾ ಐತಿ. ಆ ಇನ್ನೊಂದ ಹೆಂಗಿರ್ತೈತವ್ವಾ?”

ಅವರಲ್ಲಿ ಒಬ್ಬಳೂ ಬರೀ ನೋಡಲೆಂದು ಎಲ್ಲಿಗೂ ಹೋದವಳಲ್ಲ. ಆಗ ರುಕ್ಮವ್ವ ಮುಂದಕ್ಕೆ ಬಾಗಿ ಲಾಲಸಾಬನಿಗೆ ಕೇಳಿದಳು.

“ಲಾಲಣ್ಣಾ, ಆಲಮಟ್ಟಿ ತ್ವಾಟ ಭಾಳ ಚಲೋ ಐತಂತಲ್ಲ. ನಮ್ಮ ಊರು ಮುಣಗಿಸಿದ ನೀರು ಎಷ್ಟೈತಿ ಅಂತ ಒಮ್ಮೆ ನೋಡಬೇಕು. ಕರಕೊಂಡ ಹೋಗ್ತಿ?”

“ಸೋಮಾರ ಹೋಗೋಣ ತಗೋ ಅಕ್ಕಾ” ಎಂದ ಲಾಲಸಾಬ.

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಕೂಲಿಯೂ ಇರುವುದಿಲ್ಲ. ಆ ದಿನ ಲಾಲಸಾಬ ನನ್ನನ್ನು ತೊಳೆದು, ಮುಂದೆ ಚೆಂಡುಹೂವಿನ ಸರ ಕಟ್ಟಿದ. ಹೆಣ್ಣುಮಕ್ಕಳು ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು ಬಂದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟುಗಳು ನನ್ನ ಸೀಟಿನ ಕೆಳಗೆ ಸೇರಿದವು. ಎರಡು ಟ್ರಿಪ್ಪು ಮಾಡುವುದೆಂದು ಮೊದಲೇ ಮಾತಾಗಿತ್ತು. ಮೊದಲಿನವರು ನೋಡಿ ಬಂದ ಮೇಲೆ ಉಳಿದವರು. ಬೋರ್ಡು ಓದಿ ಹೇಳಲು ಒಬ್ಬರು ಬೇಕೆಂದು ಹೆಂಗಸರು ನೀಲಾಗೆ ಸಾಲಿ ತಪ್ಪಿಸಿದ್ದರು. ಅವಳಿಗೆ ಅವ್ವನ ಜೊತೆಗೇ ಹೋಗುವ ಆಸೆ.

“ನೀ ಹೋಗ. ಇಲ್ಲಿ ಕುಂತ ಏನ ಮಾಡ್ತಿ?” ಎಂದು ರುಕ್ಮವ್ವ ಮಗಳನ್ನು ನನ್ನೊಳಗೆ ಹತ್ತಿಸಿದಳು. “ನಾ ಎಮ್ಮಿಗೆ ಒಂದ ಹೊರಿ ಹುಲ್ಲ ಹಾಕಿ ಎರಡನೇ ಟ್ರಿಪ್ಪಿಗೆ ಬರ್ತೀನಿ.”

ಆಲಮಟ್ಟಿಗೆ ಮುಕ್ಕಾಲು ತಾಸಿನ ದಾರಿ. ದಾರಿಯುದ್ದಕ್ಕೂ ಹಾಡು. ತೋಟದ ಗೇಟಿನ ಹೊರಗೆ, ಬೇವಿನ ಗಿಡದ ನೆರಳಲ್ಲಿ ಲಾಲಸಾಬ ನನ್ನನ್ನು ನಿಲ್ಲಿಸಿದ. ಫೋನಿನಲ್ಲಿ ಚಾರ್ಜು ಇರಲಿಲ್ಲ. ನನ್ನ ಮುಂಭಾಗದ ಡಬ್ಬಿಯೊಳಗೆ ಇಟ್ಟು, ವಯರು ಹಚ್ಚಿ, ಮುಚ್ಚಳಕ್ಕೆ ಕೀಲಿ ಹಾಕಿದ. ಆ ಕಾಲಕ್ಕೆ ಕೂಲಿ ಹೆಣ್ಣುಮಕ್ಕಳ ಕೈಯಲ್ಲಿ ಫೋನು ಇರುತ್ತಿರಲಿಲ್ಲ.

ನೀಲಾ ಇಳಿಯಲಿಲ್ಲ. “ನಾ ಇಲ್ಲೇ ಕುಂಡರತೀನಿ ಮಾಮಾ. ಅವ್ವ ಬಂದ ಮ್ಯಾಲ ಅಕಿ ಕೂಡ ನೋಡತೀನಿ.”

“ಬಾ ತಂಗಿ. ಇವರಿಗೆ ಬೋರ್ಡ ಯಾರು ಓದ್ತಾರ? ನಿಮ್ಮವ್ವ ಬಂದಾಗ ಮತ್ತೊಮ್ಮೆ ನೋಡೀಯಂತ” ಎಂದು ಅವನು ಅವಳ ಕೈ ಹಿಡಿದು ಇಳಿಸಿಕೊಂಡ. ಒಳ್ಳೆಯ ಮನಸ್ಸಿನಿಂದಲೇ ಕರೆದ. ಅವಳೂ ನಗುತ್ತಲೇ ಹೋದಳು.

ಅವರು ಒಳಗೆ ಹೋಗಿ ಸ್ವಲ್ಪ ಹೊತ್ತಾಗಿರಬಹುದು, ಡಬ್ಬಿಯೊಳಗೆ ಫೋನು ರಿಂಗಾಯಿತು. ನಿಂತಿತು. ಮತ್ತೆ ರಿಂಗಾಯಿತು. ಅದರ ನಡುಕ ನನ್ನ ತಗಡಿಗೆಲ್ಲ ಹರಡುತ್ತಿತ್ತು. ಊರಿನಿಂದ ಇಷ್ಟು ಬೆನ್ನುಬಿಡದೆ ಕರೆ ಬಂದರೆ ಅದು ಯಾತಕ್ಕೆಂದು ನಾಲ್ಕು ವರ್ಷದಲ್ಲಿ ನನಗೂ ತಿಳಿದಿತ್ತು. ಪಕ್ಕದಲ್ಲಿ ಸೌತೆಕಾಯಿ ಮಾರುವವಳು ಒಮ್ಮೆ ತಿರುಗಿ ನೋಡಿದಳು. “ಯಾರ್ದೋ ಫೋನು” ಎಂದು ಮತ್ತೆ ಕಾಯಿ ಹೆಚ್ಚತೊಡಗಿದಳು. ನನಗೆ ಹಾರ್ನ್ ಇತ್ತು, ಅದನ್ನು ಒತ್ತುವ ಕೈ ಇರಲಿಲ್ಲ. ಎಂಜಿನ್ ಇತ್ತು, ಕೀಲಿ ಲಾಲಸಾಬನ ಕಿಸೆಯಲ್ಲಿತ್ತು. ಹನ್ನೊಂದು ಸಲ ರಿಂಗಾಗಿ ಫೋನು ಸುಮ್ಮನಾಯಿತು.

ಆಗ ಊರಿನಲ್ಲಿ ಏನಾಯಿತೆಂಬುದು ನನಗೆ ಮುಂದೆ ನನ್ನಲ್ಲಿ ಕುಳಿತವರ ಮಾತಿನಿಂದ ತಿಳಿಯಿತು. ರುಕ್ಮವ್ವ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಹಾವು ಕಚ್ಚಿತು. ಅವಳು ತಾನೇ ಸೆರಗು ಹರಿದು ಕಾಲಿಗೆ ಕಟ್ಟಿಕೊಂಡು ರಸ್ತೆಯವರೆಗೆ ನಡೆದು ಬಂದಳಂತೆ. ನೆರೆಯವನಾದ ಬಸಲಿಂಗಪ್ಪ ಲಾಲಸಾಬನಿಗೆ ಫೋನು ಹಚ್ಚಿದ. ಆಂಬ್ಯುಲೆನ್ಸಿಗೂ ಹಚ್ಚಿದ, ಅದು ದೂರದ ಊರಿನ ಇನ್ನೊಂದು ಕೇಸಿಗೆ ಹೋಗಿತ್ತು. ಮಾಸ್ತರರ ಬೈಕಿನ ಮೇಲೆ ಕೂರಿಸಿಕೊಂಡು ಹೋಗೋಣವೆಂದು ಯಾರೋ ಅಂದರು. ರುಕ್ಮವ್ವನೇ ಬೇಡವೆಂದಳು.

“ಫೋನ್ ಎತ್ತವಲ್ಲ ಅಂದ್ರ ಗಾಡಿ ಹೊಡ್ಯಾಕ ಹತ್ತ್ಯಾನ. ದಾರ್‍ಯಾಗ ಅದಾನ. ಲಾಲಣ್ಣ ಬರ್ತಾನ, ತಡೀರಿ.”

ಹಾಗೆ ಅರ್ಧ ತಾಸಿಗಿಂತ ಹೆಚ್ಚು ಕಾದರು. ಅವಳ ಕಣ್ಣು ಮುಚ್ಚತೊಡಗಿದಾಗ ಹಾಲಿನ ಗಾಡಿಯೊಂದು ಬಂತು. ಅದರಲ್ಲಿ ಮಲಗಿಸಿ ತಾಲೂಕಿನ ದವಾಖಾನೆಗೆ ಒಯ್ದರು.

ಲಾಲಸಾಬ ತೋಟದಿಂದ ಹೊರಗೆ ಬಂದು ಡಬ್ಬಿ ತೆರೆದ. ಫೋನು ನೋಡಿ ನಿಂತಲ್ಲೇ ಬಸಲಿಂಗಪ್ಪನಿಗೆ ಹಚ್ಚಿದ. ಅತ್ತಲಿಂದ ಬಂದದ್ದು ಒಂದೆರಡು ಮಾತು. ಆಮೇಲೆ ನನ್ನ ಹಿಡಿಕೆಯ ಮೇಲೆ ಅವನ ಎರಡೂ ಕೈ ಬಂದವು. ಹಿಂದೆ ಹೆಣ್ಣುಮಕ್ಕಳು ಕಲ್ಲಿನ ಆನೆಯ ಸುದ್ದಿ, ನೀರಿನ ಕಾರಂಜಿಯ ಸುದ್ದಿ ಆಡುತ್ತ ಹತ್ತಿದರು. ಅವನು ಗಾಡಿ ಬಿಟ್ಟ. ಊರಿನ ತಿರುವು ಬಂದರೂ ತಿರುಗಿಸದೆ ಸೀದಾ ಹೊರಟಾಗ ಕಾಶವ್ವ ಕೇಳಿದಳು.

“ಯಾಕೋ ಲಾಲ್ಯಾ, ದಾರಿ ತಪ್ಪಿದಿ?”

“ರುಕ್ಮಕ್ಕಗ ಸ್ವಲ್ಪ ಆರಾಮಿಲ್ಲಂತ. ದವಾಖಾನಿಗೆ ಹೋಗಿ ಬರೋಣು.”

ನೀಲಾ ಅವ್ವನಿಗೆಂದು ತೋಟದ ಹೊರಗೆ ಕೊಂಡ ಹಸಿರು ಬಳೆಗಳನ್ನು ಮಡಿಲಲ್ಲಿ ಹಿಡಿದಿದ್ದಳು. ಅಂದು ನಾನು ಓಡಿದಷ್ಟು ಜೋರಾಗಿ ಹಿಂದೆಂದೂ ಓಡಿರಲಿಲ್ಲ. ಓಡಿ ಮಾಡುವುದೇನೂ ಉಳಿದಿರಲಿಲ್ಲ ಎಂಬುದು ಲಾಲಸಾಬನೊಬ್ಬನಿಗೇ ಗೊತ್ತಿತ್ತು.

ದವಾಖಾನೆಯ ವರಾಂಡದಲ್ಲಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಅರ್ಧ ತಾಸು ಮೊದಲು ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಬಸಲಿಂಗಪ್ಪನಿಗೆ ಹೇಳುವುದು ಬಾಗಿಲ ಬಳಿ ನಿಂತಿದ್ದ ನನಗೂ ಕೇಳಿಸಿತು. ಕಾಗದ ಕೆಲಸ ಮುಗಿದ ಮೇಲೆ ಅವಳನ್ನು ನನ್ನೊಳಗೆ ಎತ್ತಿ ತಂದರು. ಸೀಟು ಸಾಲದೆ ಕೆಳಗೆ ಮಲಗಿಸಿದರು. ತಲೆ ನೀಲಾಳ ತೊಡೆಯ ಮೇಲೆ. ಊರಿನ ನಿಲ್ದಾಣದಲ್ಲಿ ಉಳಿದ ಏಳು ಮಂದಿ ಪೆಟ್ಟಿಗೆಯ ಸೀರೆ ಉಟ್ಟುಕೊಂಡೇ ನಿಂತಿದ್ದರು. ಬುತ್ತಿಯ ಗಂಟುಗಳು ಕಾಲ ಬುಡದಲ್ಲಿದ್ದವು. ಅವರು ಎರಡನೇ ಟ್ರಿಪ್ಪಿಗೆಂದು ಮುಂಜಾನೆಯೇ ಸಜ್ಜಾಗಿದ್ದವರು.

ಹದಿನೈದು ದಿನ ಕಳೆದ ಮೇಲೆ ನೀಲಾ ಅವ್ವನ ಕುಡುಗೋಲು ಹಿಡಿದು ಕೂಲಿಗೆ ಬಂದಳು. ಸಾಲಿ ಬಿಟ್ಟಿದ್ದಳು. ಹೈಸ್ಕೂಲು ಬಂದಾಗ ಆ ಕಡೆ ನೋಡುತ್ತಿರಲಿಲ್ಲ. ಲಾಲಸಾಬ ಎಷ್ಟೋ ಸಲ ಮಾತಾಡಿಸಲು ನೋಡಿದ. ಸಾಲಿಗೆ ಹೋಗು, ನಾನು ನೋಡಿಕೊಳ್ಳುತ್ತೇನೆ ಎಂದ. ಅವಳು ಇಳಿದು ಹೊಲದ ಕಡೆ ನಡೆಯುತ್ತಿದ್ದಳು. ಸುಮಾರು ಒಂದು ವರ್ಷದ ಮೇಲೆ, ಎಲ್ಲರೂ ಇಳಿದು ಹೋದ ಒಂದು ಸಂಜೆ, ತಾನಾಗಿ ನಿಂತಳು.

“ನಾ ಗಾಡ್ಯಾಗ ಕುಂಡರತೀನಿ ಅಂದಿದ್ದೆ ಮಾಮಾ.”

ಲಾಲಸಾಬ ತಲೆ ತಗ್ಗಿಸಿದ.

“ನಾ ಕುಂತಿದ್ರ ಫೋನ್ ಕೇಳಿಸ್ತಿತ್ತು. ಕೀಲಿ ಹಾಕಿದ್ರೂ ಓಡಿ ಬಂದು ನಿಮ್ಮನ್ನ ಕರೀತಿದ್ದೆ. ‘ಕಾಯಬ್ಯಾಡ್ರಿ, ಬೈಕಿನ ಮ್ಯಾಲ ಒಯ್ರಿ’ ಅಂತ ನೀವು ಒಂದ ಮಾತ ಹೇಳಿದ್ರ ಸಾಕಿತ್ತು.”

“ಹೌದವ್ವಾ” ಎಂದ ಅವನು. ಅವಳು ಹೊರಟುಹೋದಳು. ಮರುದಿನದಿಂದ ಅವಳು ನನ್ನನ್ನು ಹತ್ತಲಿಲ್ಲ. ಹೊಲಕ್ಕೆ ನಡೆದೇ ಹೋಗುತ್ತಿದ್ದಳು. ದಾರಿಯಲ್ಲಿ ನಾವು ಅವಳನ್ನು ದಾಟಿ ಹೋಗಬೇಕಾಗುತ್ತಿತ್ತು. ಪ್ರತಿ ಸಲವೂ ಲಾಲಸಾಬ ನನ್ನನ್ನು ನಿಧಾನ ಮಾಡುತ್ತಿದ್ದ. ಅವಳು ತಲೆ ಎತ್ತುತ್ತಿರಲಿಲ್ಲ. ಒಂದು ಬೇಸಿಗೆ ಹಾಗೆ ಕಳೆಯಿತು. ಆಮೇಲೆ ಅವನು ನನ್ನನ್ನು ಮಾರಿದ. ತನ್ನ ಹಿರಿಯರ ಕಸುಬಿಗೆ ಮರಳಿ, ಹತ್ತಿ ತುಂಬಿ ಗಾದಿ ಹೊಲಿಯುತ್ತ ಮನೆಯಲ್ಲೇ ಉಳಿದನಂತೆ.

ನನ್ನನ್ನು ಕೊಂಡ ಮೆಣಸಿನಕಾಯಿ ವ್ಯಾಪಾರಿ ಸೀಟು ಕಿತ್ತು ಚೀಲ ಹೇರಿದ. ಅವನಿಂದ ಇಟ್ಟಿಗೆ ಭಟ್ಟಿಯವನ ಕೈಗೆ ಹೋದೆ. ಇಬ್ಬರೂ ದಿನವಿಡೀ “ಇನ್ನೊಂದ್ ಟ್ರಿಪ್, ಇನ್ನೊಂದ್ ಟ್ರಿಪ್” ಎನ್ನುತ್ತಿದ್ದರು. ನನಗೆ ಆ ಮಾತು ಕೇಳಿದರೆ ಎಂಜಿನ್ನು ಕಟ್ಟಿ ನಿಂತುಬಿಡಲಿ ಅನ್ನಿಸುತ್ತಿತ್ತು. ಕೊನೆಗೆ ಅದೂ ಕಟ್ಟಿತು. ಈಗ ಹೆದ್ದಾರಿಯ ಬದಿಗೆ, ಲಾಲಸಾಬನ ಕಾಲದಿಂದಲೂ ನನ್ನನ್ನು ರಿಪೇರಿ ಮಾಡುತ್ತಿದ್ದ ಈರಣ್ಣ ಎಂಬ ಮೆಕ್ಯಾನಿಕ್‌ನ ಗ್ಯಾರೇಜಿನ ಹಿಂದೆ ಬಿದ್ದಿದ್ದೇನೆ. ಗಾಲಿಗಳಿಲ್ಲ. ಮಳೆಯ ನೀರು ಒಳಗೇ ನಿಲ್ಲುತ್ತದೆ.

ಹೋದ ತಿಂಗಳು ಲಾಲಸಾಬ ಬಂದಿದ್ದ. ಗಡ್ಡ ಪೂರಾ ಬೆಳ್ಳಗಾಗಿದೆ. ಬಗಲಲ್ಲಿ ಸಣ್ಣದೊಂದು ಸುರುಳಿ. ನನ್ನ ತುಕ್ಕು ಹಿಡಿದ ಅಂಚಿನ ಮೇಲೆ ಬಹಳ ಹೊತ್ತು ಕೂತ. ಈರಣ್ಣ ಚಹಾ ತಂದುಕೊಟ್ಟು ಏನು ಬೇಕಾಗಿತ್ತೆಂದು ಕೇಳಿದ.

“ಏನಿಲ್ಲಪಾ. ನೀಲಾಗ ಹೆಣ್ಣ ಕೂಸ ಹುಟ್ಟೈತಿ. ರುಕ್ಮವ್ವ ಅಂತ ಹೆಸರ ಇಟ್ಟಾರ.”

“ಚಲೋ ಆತಲ್ಲ. ತೊಟ್ಟಿಲ ಕಾರ್ಯಕ್ಕ ಹೋಗಿದ್ರಿ?”

“ಊರ ಮಂದೀನೆಲ್ಲ ಕರದಿದ್ರು. ನನಗ ಕರೀಲಿಲ್ಲ.” ಅವನು ಸುರುಳಿ ಬಿಚ್ಚಿದ. ತೊಟ್ಟಿಲಿಗೆ ಹಾಸುವ ಪುಟ್ಟ ಗಾದಿ. ಸುತ್ತಲೂ ಕೆಂಪು ದಾರದ ಹೊಲಿಗೆ. “ಮರುದಿನ ಇದನ್ನ ತಗೊಂಡ ಬಾಗಲಾ ತನಕಾ ಹೋದೆ. ನನ್ನ ನೋಡಿದ್ಲು. ಕೂಸಿನ್ನ ಎತ್ಕೊಂಡು ಒಳಗ ಹೋದ್ಲು.”

ಚಹಾ ಆರಿತು. ಲಾಲಸಾಬ ಗಾದಿಯನ್ನು ನನ್ನೊಳಗೆ, ಒಣಗಿದ ಜಾಗ ನೋಡಿ ಹಾಸಿದ. ಅಂಗೈಯಿಂದ ಎರಡು ಸಲ ಸವರಿ ನೆರಿಗೆ ತೆಗೆದ. ಆಮೇಲೆ ಎದ್ದು ಹೋದ.

ಮನುಷ್ಯರು ತಪ್ಪು ಮಾಡಿ ನೊಂದರೆ ಕ್ಷಮೆ ಕೇಳಿಯಾದರೂ ಬದುಕುತ್ತಾರೆ ಎಂದುಕೊಂಡಿದ್ದೆ. ತಪ್ಪೇ ಮಾಡದವನು ಯಾರ ಬಳಿ ಏನೆಂದು ಕೇಳಬೇಕು? ನನಗೆ ತಿಳಿಯದು. ತಿಳಿದಿದ್ದರೂ ಅವನಿಗೆ ಹೇಳಲಾರೆ.

ಆ ವಾರವೇ ಗ್ಯಾರೇಜಿನ ಕೋಳಿಗಳು ಗಾದಿಯ ಹೊಲಿಗೆ ಕೆದರಿದವು. ಗಾಳಿ ಬೀಸಿದ ದಿನ ಹತ್ತಿಯೆಲ್ಲ ಹೊರಗೆ ಹಾರಿ, ಅಂಗಳದಲ್ಲಿ ಚೆಲ್ಲಿದ ಎಣ್ಣೆಗೆ ಅಂಟಿಕೊಂಡು ಕಪ್ಪಾಯಿತು. ಈರಣ್ಣ ಅದರಿಂದ ಒಂದು ಹಿಡಿ ಎತ್ತಿಕೊಂಡು, ಇನ್ಯಾರದೋ ಎಂಜಿನ್ನು ಒರೆಸುತ್ತ ಕೂತ.