ಆದೆಪ್ಪ ಮಾಸ್ತರರ ಹನ್ನೊಂದು ಬಿಲ್ಲು

ಲಕ್ವಾ ಹೊಡೆದ ಮೇಲೆ ಅಪ್ಪನಿಗೆ ಉಳಿದದ್ದು ಎಡಗೈ ಮತ್ತು ಒಂದೇ ಒಂದು ಮಾತು: "ತಗೋ." ನೀರು ಬೇಕಾದರೂ ತಗೋ, ನೊಣ ಓಡಿಸಬೇಕಾದರೂ ತಗೋ, ಬಂದವರನ್ನು ಕೂಡ್ರಿಸಬೇಕಾದರೂ ತಗೋ. ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ಹಾರ್ಮೋನಿಯಂ ಪೇಟಿ ನುಡಿಸಿ, ಹಾಡು ಕಟ್ಟಿ, ನಟನಟಿಯರನ್ನು ಬೈದು ಬೈದು ಹಾಡಿಸಿದ ಆದೆಪ್ಪ ಮಾಸ್ತರರ ಬಾಯಲ್ಲಿ ದೇವರು ಇದಕ್ಕಿಂತ ಒಳ್ಳೆಯ ಮಾತನ್ನು ಬಿಡಬಹುದಿತ್ತು. ಹನುಮಸಾಗರದ ನಮ್ಮ ಮನೆಯಲ್ಲಿ ದಿನಕ್ಕೆ ಇನ್ನೂರು ಸಲ ಅದನ್ನೇ ಕೇಳಿ ನನಗೆ ಆ ಮಾತಿನ ಮೇಲೆಯೇ ಸಿಟ್ಟು ಹುಟ್ಟಿತ್ತು.

ಯಲಬುರ್ಗಾದ ಒಂದು ವಸತಿ ಶಾಲೆಗೆ ಸಂಗೀತ ಶಿಕ್ಷಕಿಯಾಗಿ ನನಗೆ ಆದೇಶ ಬಂದಿತ್ತು. ಅಲ್ಲೇ ಉಳಿಯಬೇಕು. ಸೋಮವಾರದೊಳಗೆ ಹಾಜರಾಗದಿದ್ದರೆ ಕೆಲಸ ಪಟ್ಟಿಯಲ್ಲಿದ್ದ ಮುಂದಿನವರ ಪಾಲು. ಅಪ್ಪನನ್ನು ನೋಡಿಕೊಳ್ಳಲು ಅಣ್ಣ ಶರಣಬಸವನೂ ವೈನಿಯೂ ಒಪ್ಪಿದ್ದರು. ಮೂರು ವರ್ಷ ಅಪ್ಪ ಮಲಗಿದ ಹೊರಸಿನ ಸುತ್ತಲೇ ತಿರುಗಿದ ನನಗೆ ಮೂವತ್ತಾರನೆಯ ವಯಸ್ಸಿನಲ್ಲಿ ಒಂದು ಬಾಗಿಲು ತೆರೆದಿತ್ತು. ಅದಕ್ಕೆ ಅಡ್ಡ ಬಂದದ್ದು ಒಂದು ಹಾಡು.

ಆದೇಶದ ಕಾಗದ ತೋರಿಸಿ, ಹೋಗಲೇ ಎಂದು ಕೇಳಿದ ದಿನ ಅಪ್ಪ ಎಡಗೈಯಿಂದ ಟ್ರಂಕು ತೋರಿಸಿದ. ಅದರಲ್ಲಿದ್ದ ಕೆಂಪು ರಟ್ಟಿನ ವಹಿ ತಂದುಕೊಟ್ಟರೆ ಹಾಳೆ ತಿರುವಿ ತಿರುವಿ ಒಂದು ಕಡೆ ಬೆರಳಿಟ್ಟ. ಸೆರೆಯಾದ ರಾಣಿಯೊಬ್ಬಳ ಹಾಡು, ನಾನು ಹುಟ್ಟುವ ಮೊದಲು ಅವನೇ ಕಟ್ಟಿದ್ದು. "ತಗೋ" ಎಂದ. ಹೋಗುವ ಮೊದಲು ಇದನ್ನು ಹಾಡು ಎನ್ನುತ್ತಿದ್ದಾನೆ ಎಂದುಕೊಂಡೆ. ಅದೇನು ಮಹಾ, ಅರ್ಧ ತಾಸಿನ ಕೆಲಸ ಎಂದೂ ಅಂದುಕೊಂಡೆ.

ವಹಿಯಲ್ಲಿ ಮೇಲೆ ಸ್ವರ, ಕೆಳಗೆ ಸಾಹಿತ್ಯ. ಅಲ್ಲಲ್ಲಿ ನಾಲ್ಕೈದು ಸ್ವರಗಳಿಗೆ ಸೇರಿಸಿ ಬಾಗಿದ ಗೆರೆಯ ಒಂದು ಬಿಲ್ಲು ಎಳೆದಿದ್ದ. ಅಂಥವು ಹನ್ನೊಂದು. ನಾನು ಗದಗಿನಲ್ಲಿ ಕಲಿತ ಪದ್ಧತಿಯಲ್ಲಿ ಬಿಲ್ಲು ಸ್ವರದ ಮೇಲಿದ್ದರೆ ಒಂದರಿಂದ ಇನ್ನೊಂದಕ್ಕೆ ಮುರಿಯದಂತೆ ಜಾರಬೇಕು, ಕೆಳಗಿದ್ದರೆ ಅಷ್ಟನ್ನೂ ಒಂದೇ ಮಾತ್ರೆಯಲ್ಲಿ ಮುಗಿಸಬೇಕು. ಅಪ್ಪನೋ ಕಾಗದ ಉಳಿಸಲು ಸಾಲುಗಳನ್ನು ಒತ್ತೊತ್ತಾಗಿ ಬರೆದಿದ್ದ. ಬಿಲ್ಲು ಕೆಳಗಿನ ಸಾಲಿಗೆ ಚಾವಣಿಯೋ, ಮೇಲಿನ ಸಾಲಿಗೆ ತೊಟ್ಟಿಲೋ ತಿಳಿಯುತ್ತಿರಲಿಲ್ಲ. ಬಿಲ್ಲಿದ್ದಲ್ಲಿ ಸಾಹಿತ್ಯವೂ ಇಲ್ಲ, ಬರೀ ಒಂದು ಉದ್ದ ಗೆರೆ. ಹಿಂದಿನ ಅಕ್ಷರವನ್ನೇ ಎಳೆಯಬೇಕೆಂದು ತಿಳಿದು ಎಳೆದೆ.

ಮೊದಲ ಬಿಲ್ಲಿಗೇ ಅಪ್ಪ ಹೊರಸಿನ ಪಟ್ಟಿಗೆ ಬಡಿದ. "ತಗೋ."

ನಾಟಕದವರ ಬಾಯಲ್ಲಿ ತಗೋ ಎಂದರೆ ಮತ್ತೆ ಮೊದಲಿಂದ ಎತ್ತಿಕೋ ಎಂದರ್ಥ. ಎತ್ತಿಕೊಂಡೆ. ಜಾರಿಸಿ ಹಾಡಿದೆ, ಬಡಿದ. ಒಂದೇ ಮಾತ್ರೆಗೆ ತುರುಕಿ ಹಾಡಿದೆ, ಬಡಿದ. ಇಡೀ ಸಾಲನ್ನು ಒಂದೇ ಉಸಿರಿನಲ್ಲಿ ಹಾಡಿ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದೆ, ಆಗಲೂ ಬಡಿದು ತಗೋ ಎಂದ. ಹೀಗೆ ಎಂಟು ದಿನ. ಏಪ್ರಿಲ್ ಬಿಸಿಲಿಗೆ ತಗಡು ಕಾದು, ಧೂಳಿಗೆ ಹೆದರಿ ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ನಾನು, ಅಪ್ಪ, ಪೇಟಿ. ವಹಿ ಮುಚ್ಚಿದರೆ ಕೂಗುತ್ತಿದ್ದ, ತೆರೆದರೆ ಬಡಿಯುತ್ತಿದ್ದ. ನನ್ನ ಪಾಡು ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಪಾಡು. ಸುಮ್ಮನೆ ಎದ್ದು ಹೋಗಲು ನನ್ನನ್ನು ಯಾರು ಕಟ್ಟಿಹಾಕಿದ್ದರು? ಆದರೆ ತಪ್ಪು ಹಾಡಿ ಹೋದ ಮಗಳು ಎಂದು ಅವನು ಆ ಹೊರಸಿನ ಮೇಲೆ ನೆನೆಯುತ್ತ ಮಲಗುವುದನ್ನು ನನ್ನಿಂದ ಸಹಿಸಲು ಆಗುತ್ತಿರಲಿಲ್ಲ. ಆ ಎಂಟು ದಿನ ನಾನು ಅಪ್ಪನನ್ನು ದ್ವೇಷಿಸಿದೆ, ಸುಳ್ಳೇಕೆ ಹೇಳಲಿ.

ಶನಿವಾರ ವಹಿಯನ್ನು ಚೀಲಕ್ಕೆ ಹಾಕಿಕೊಂಡು ಕುಷ್ಟಗಿ ಬಸ್ಸು ಹತ್ತಿದೆ. ಆ ಕಾಲದಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದ ಬಾನುಬೀ ಅಲ್ಲಿ ಮಗಳ ಮನೆಯಲ್ಲಿದ್ದಳು. ಎಪ್ಪತ್ತೈದು ದಾಟಿದ ಮುದುಕಿ, ನಾಲ್ಕು ಮಾತಾಡಿದರೆ ಎದೆ ಸುಯ್ ಎನ್ನುತ್ತಿತ್ತು. ಸ್ವರ ಓದಲು ಬಾರದವಳು ಬಿಲ್ಲಿನ ಮೇಲೆ ಬೆರಳಾಡಿಸಿ ನಕ್ಕಳು. ನಾನು ಹೇಗೆ ಹಾಡುತ್ತಿದ್ದೇನೆಂದು ಕೇಳಿದಳು. ಹಾಡಿ ತೋರಿಸಿದೆ.

"ಅಯ್ಯ ಮಗಾ, ಅಲ್ಲಿ ನಾ ಹಾಡತಿದ್ದಿಲ್ಲ" ಎಂದಳು. "ನನಗ ಆಗಿಂದನೂ ದಮ್ಮು. ಮಾಲಕಗ ಗೊತ್ತಾದ್ರ ಪಾರ್ಟು ಹೋಗತಿತ್ತು. ಅದಕ್ಕ ಮಾಸ್ತರ್ರು ನನ್ನ ಉಸುರು ಎಲ್ಲಿ ಕಡೀತೈತಿ ಅಂತ ನೋಡಿ, ಅಲ್ಲಲ್ಲೆ ಇದನ್ನ ಎಳದ್ರು. ನಾ ಮಾರಿ ತಿರುವಿ ಅತ್ತಂಗ ಮಾಡತಿದ್ದೆ, ಪೇಟಿ ಹಾಡತಿತ್ತು. ಪೇಟಿ ಮ್ಯಾಲೆ ಬಗ್ಗಿ ನನಗಷ್ಟ ಕೇಳೂವಂಗ ಅಂತಿದ್ರು, ತಗೋ. ಉಸುರು ತಗೋ ಅಂತ."

ಕಂಪನಿಯ ಮಾಲೀಕ ದಿನಾ ವಹಿ ತೆಗೆದು ನೋಡುತ್ತಿದ್ದನಂತೆ. ಅವನ ಕಣ್ಣಿಗೆ ಅದು ಹಾಡಿನ ಅಲಂಕಾರ. ಮೋಸ ಹೋದವರಲ್ಲಿ ಗದಗಿನಲ್ಲಿ ಕಲಿತ ನಾನು ಎರಡನೆಯವಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಸಮಾಧಾನವಾಗಲಿಲ್ಲ, ಹೊಟ್ಟೆ ಉರಿಯಿತು. ಯಾರದೋ ಉಸಿರನ್ನು ಹನ್ನೊಂದು ಕಡೆ ಗುರುತಿಟ್ಟುಕೊಂಡ ಮನುಷ್ಯ, ಒಲೆಯ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತ ನಮ್ಮವ್ವನಿಗೆ ಒಂದು ಗೆರೆಯನ್ನಾದರೂ ಎಳೆದಿದ್ದನೇ? ಮೂರು ವರ್ಷದಲ್ಲಿ ನನ್ನ ಉಸಿರು ಎಲ್ಲಿ ಕಡಿಯಿತೆಂದು ಯಾರು ನೋಡಿದ್ದರು? ಹಾಡಿ ಮುಗಿಸಿ, ಹಿಂದಿರುಗಿ ನೋಡದೆ ಹೋಗಬೇಕೆಂದು ನಿಶ್ಚಯಿಸಿದೆ.

ಭಾನುವಾರ ವೈನಿ ನನ್ನ ಚೀಲ ತುಂಬಿಸಿ ಬಾಗಿಲ ಬಳಿ ಇಟ್ಟಿದ್ದಳು. ನಾನು ಕಿಟಕಿ ತೆರೆದು ಪೇಟಿಯ ಮುಂದೆ ಕುಳಿತೆ. ಮೊದಲ ಬಿಲ್ಲು ಬಂತು. ಬಾಯಿ ಮುಚ್ಚಿದೆ, ಬೆರಳು ಮಾತ್ರ ನುಡಿಸಿದವು. ಅಪ್ಪ ಬಡಿಯಲಿಲ್ಲ. ಕಣ್ಣು ಮುಚ್ಚಿಕೊಂಡು, ಪಕ್ಕದವರಿಗಷ್ಟೇ ಕೇಳುವಂತೆ, ತಗೋ ಎಂದ. ಎರಡನೆಯದಕ್ಕೂ ಹಾಗೆಯೇ, ಮೂರನೆಯದಕ್ಕೂ. ಎಂಟು ದಿನ ಅವನು ನನ್ನ ತಪ್ಪು ಎಣಿಸಿರಲಿಲ್ಲ. ಉಸಿರುಗಟ್ಟಿ ಹಾಡುವವಳಿಗೆ ಉಸಿರು ತಗೋ ಎಂದು ಬಡಿದುಕೊಳ್ಳುತ್ತಿದ್ದ.

ಹನ್ನೊಂದೂ ಮುಗಿದವು. ಕೊನೆಯ ಸಾಲು ಉಳಿಯಿತು: ಬಾಗಿಲೆಲ್ಲಿದೆ ಹೇಳು ದೊರೆಯೇ, ಹೋಗಿಬರುವೆನು. ವಹಿಯಲ್ಲಿ ಆ ಸಾಲಿಗೆ ಬಿಲ್ಲಿಲ್ಲ, ಬಾನುಬೀಗೆ ಅಲ್ಲಿ ಬೇಕಿರಲಿಲ್ಲ. ದೊರೆಯೇ ಎನ್ನುವವರೆಗೆ ಹಾಡಿದೆ. ಹೋಗಿಬರುವೆನು ಎನ್ನಲು ಹೋದೆ. ಬಾಯಿ ತೆರೆದರೂ ಸ್ವರ ಹೊರಡಲಿಲ್ಲ, ಬೆರಳು ಪೇಟಿಯ ಮೇಲೆ ಹಾಗೇ ನಿಂತವು.

ಅಪ್ಪ ಕಣ್ಣು ತೆರೆದು ನನ್ನನ್ನು ನೋಡಿದ. ಎಡಗೈಯನ್ನು ಮೆಲ್ಲಗೆ ಎತ್ತಿ, ಬೆರಳಿನಿಂದ ಗಾಳಿಯಲ್ಲಿ ಒಂದು ಬಿಲ್ಲು ಎಳೆದ.

"ತಗೋ" ಎಂದ.

ನಾನು ಉಸಿರು ತಗೊಂಡೆ.